ನಂಬಿಕೆಯಿಲ್ಲದವರು ಕೈಮುಗಿದರೆ ಅದಕ್ಕೆ ಬೆಲೆಯುಂಟೇ?

ಎಸ್.ಎಸ್. ಪುರಂ ವಾಸಿ, ತುಮಕೂರು (ರಾತ್ರಿ 8.10)
ಎಲ್ಲರಿಗೂ ನಮಸ್ಕಾರ. ಒಂದು ವಿಷಯವನ್ನು ಇಲ್ಲಿ ಕೇಳಬೇಕೆಂದು ಹದಿನೈದು ದಿನಗಳಿಂದ ಯೋಚಿಸುತ್ತಿದ್ದೇನೆ. ನಾನು ದೇವರನ್ನು ನಂಬುವವಳಲ್ಲ. ಕಾಲೇಜಿನ ದಿನಗಳಿಂದಲೂ ಹಾಗೆಯೇ ಇದ್ದೇನೆ. ಮದುವೆಯನ್ನೂ ನೋಂದಣಿ ಕಚೇರಿಯಲ್ಲಿಯೇ ಮಾಡಿಕೊಂಡೆ. ನನ್ನ ತಾಯಿ ಇದಕ್ಕೆ ತದ್ವಿರುದ್ಧ. ಅವರಿಗೀಗ ಎಂಬತ್ತೊಂದು ವರ್ಷ. ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ.

ಅಮ್ಮ ಸಂಜೆ ದೀಪ ಹಚ್ಚುವಾಗ ಒಂದು ಪಟ್ಟಿಯನ್ನು ಹೇಳುತ್ತಿದ್ದರು. ಅದರಲ್ಲಿ ಮಂತ್ರವಿರಲಿಲ್ಲ, ಶ್ಲೋಕವಿರಲಿಲ್ಲ. ಮೂಲೆಮನೆಯ ಹುಡುಗನಿಗೆ ಕೆಲಸ ಸಿಗಲಿ, ಎದುರುಮನೆಯಾಕೆಯ ಮಂಡಿನೋವು ಕಡಿಮೆಯಾಗಲಿ, ಹಾಲಿನವನ ಎಮ್ಮೆ ಸಲೀಸಾಗಿ ಈಯಲಿ, ಊರಿನ ಕೆರೆ ತುಂಬಲಿ ಎಂದು ಹದಿನೆಂಟು ಇಪ್ಪತ್ತು ಸಂಗತಿಗಳು. ಮಕ್ಕಳ ಹೆಸರು ಮರೆತ ಮೇಲೂ ಅವರು ಈ ಪಟ್ಟಿಯನ್ನು ಮರೆಯಲಿಲ್ಲ. ಕಳೆದ ಯುಗಾದಿಯ ಹೊತ್ತಿಗೆ ಅದೂ ತುಂಡುತುಂಡಾಯಿತು. ದೀಪದ ಮುಂದೆ ಕುಳಿತು, ಬಾಯಿ ತೆರೆದು, ಏನೂ ಬಾರದೆ ನನ್ನ ಮುಖವನ್ನೇ ನೋಡತೊಡಗಿದರು. ಅಂದಿನಿಂದ ಹುಣಸೆಹಣ್ಣಿನಲ್ಲಿ ದೀಪ ಉಜ್ಜಿ, ಬತ್ತಿ ಹೊಸೆದು, ಕೈಮುಗಿದು ಆ ಪಟ್ಟಿಯನ್ನು ನಾನು ಹೇಳುತ್ತಿದ್ದೇನೆ. ಅಮ್ಮನ ಸಮಾಧಾನಕ್ಕಾಗಿ ತಾನೇ ಎಂದುಕೊಂಡಿದ್ದೆ.

ಕಳೆದ ತಿಂಗಳು ಅಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಅವರು ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ನಾನೊಬ್ಬಳೇ ಇದ್ದೆ. ಸಂಜೆ ಆರೂವರೆಗೆ ಪಟ್ಟಿ ತಾನಾಗಿ ನನ್ನ ಬಾಯಿಗೆ ಬಂತು, ಎಂಟು ದಿನವೂ ಬಂತು. ಅಲ್ಲಿ ಸಮಾಧಾನಪಡಿಸಲು ಯಾರೂ ಇರಲಿಲ್ಲ. ಕೇಳಿಸಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿದೂ ಹೇಳುವ ಪ್ರಾರ್ಥನೆಗೆ ಏನಾದರೂ ಬೆಲೆಯಿದೆಯೇ, ಅಥವಾ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆಯೇ? ನಿಮ್ಮ ಅಭಿಪ್ರಾಯವನ್ನು ನೇರವಾಗಿ ತಿಳಿಸಿ.

ಶಿರಾ ಗೇಟ್ (ರಾತ್ರಿ 8.22)
ತಾಯಿಯ ಪಟ್ಟಿಯನ್ನು ಮಗಳು ಹೇಳುತ್ತಿದ್ದಾಳೆ. ಇದರಲ್ಲಿ ಸುಳ್ಳು ಎಲ್ಲಿಂದ ಬಂತು ಮೇಡಂ?

ವಿಜ್ಞಾನದ ಮೇಷ್ಟ್ರು, ಗೌರಿಬಿದನೂರು (ರಾತ್ರಿ 8.41)
ನೇರವಾಗಿ ಹೇಳಿ ಎಂದಿದ್ದೀರಿ, ಆದ್ದರಿಂದ ಹೇಳುತ್ತೇನೆ; ತಾವು ನೊಂದುಕೊಳ್ಳಬಾರದು. ಪ್ರಾರ್ಥನೆ ಎಂಬ ಪದದೊಳಗೇ ಬೇಡುವುದು ಎಂಬ ಅರ್ಥವಿದೆ. ಬೇಡುವುದಕ್ಕೆ ಕೊಡುವವನೊಬ್ಬ ಬೇಕು. ಕೊಡುವವನಿಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವರು ಸಂಕಟದ ಹೊತ್ತಿನಲ್ಲಿ ಕೈಯೊಡ್ಡಿದರೆ, ಅದು ಮನುಷ್ಯಸಹಜವೆಂದು ಒಪ್ಪುತ್ತೇನೆ, ವಿಚಾರವೆಂದು ಒಪ್ಪಲಾರೆ.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡತನದಲ್ಲಿ ಓದಿ ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯನ್ನೇ ರಚಿಸಿದವರು. ಎಲ್ಲವನ್ನೂ ಪ್ರಶ್ನಿಸಿ ಎಂದು ಕಲಿಸಿದ ಅವರನ್ನು ಎದುರಿಗಿಟ್ಟುಕೊಂಡು ಬೆಳೆದ ನಮಗೆ, ಸಣ್ಣ ರಿಯಾಯಿತಿಗಳೇ ಮುಂದೆ ದೊಡ್ಡದಾಗುತ್ತವೆ ಎಂಬ ಭಯವಿದೆ. ಇಂದು ಪಟ್ಟಿ, ನಾಳೆ ಹರಕೆ, ನಾಡಿದ್ದು ಮಂತ್ರಿಸಿದ ದಾರ.

ಶುಶ್ರೂಷಕಿ, ಕೋಲಾರ (ರಾತ್ರಿ 9.05)
ಮೇಷ್ಟ್ರೇ, ತಾವು ಆ ಬೆಂಚಿನ ಮೇಲೆ ಒಂದು ರಾತ್ರಿ ಕುಳಿತು ನೋಡಿದ್ದರೆ ಹರಕೆ, ದಾರ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿರಲಿಲ್ಲ. ನಾನು ಹತ್ತೊಂಬತ್ತು ವರ್ಷಗಳಿಂದ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಒಳಗಿರುವ ರೋಗಿಗೆ ಮಾಡಬೇಕಾದ ಕೆಲಸ ನಮಗೆ ಗೊತ್ತಿರುತ್ತದೆ. ಹೊರಗಿರುವವರ ಕೈಗೆ ಮಾತ್ರ ಯಾವ ಕೆಲಸವೂ ಇರುವುದಿಲ್ಲ. ಕೆಲವರು ಔಷಧಿಯ ಚೀಟಿಯನ್ನು ಮಡಿಸುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಚೀಟಿ ಮಡಿಕೆಯ ಗೆರೆಯಲ್ಲಿಯೇ ಹರಿದುಹೋಗಿರುತ್ತದೆ. ಜಪವೋ ಪದವೋ ಏನನ್ನಾದರೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದವರು, ಬೆಳಿಗ್ಗೆ ವೈದ್ಯರು ವಿವರಿಸುವಾಗ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಇದಕ್ಕೆ ದೇಹದಲ್ಲಿಯೇ ಕಾರಣವಿದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಅಧ್ಯಯನವೊಂದು ಪ್ರಕಟವಾಗಿತ್ತು. ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ 23 ಆರೋಗ್ಯವಂತರಿಂದ ಹೇಳಿಸಿದಾಗ, ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯದ ಲಯವೂ ರಕ್ತದೊತ್ತಡದ ಲಯವೂ ಒಂದಕ್ಕೊಂದು ಹೊಂದಿಕೊಂಡವು. ಅಲ್ಲಿ ಅಳೆದದ್ದು ಉಸಿರನ್ನೇ ಹೊರತು ಯಾರ ನಂಬಿಕೆಯನ್ನೂ ಅಲ್ಲ.

ಒಬ್ಬ ವೈದ್ಯ, ಚಿಂತಾಮಣಿ (ರಾತ್ರಿ 9.30)
ಸಿಸ್ಟರ್ ಹೇಳಿದ್ದು ಸರಿಯಾಗಿದೆ, ಆದರೆ ಓದಿದವರು ಇದನ್ನು ಇನ್ನೊಂದರ ಜೊತೆ ಬೆರೆಸಬಾರದು. ಹೇಳುವವರ ಮೇಲೆ ಆಗುವ ಪರಿಣಾಮ ಬೇರೆ, ಯಾರಿಗಾಗಿ ಹೇಳುತ್ತಾರೋ ಅವರ ಮೇಲೆ ಆಗುವ ಪರಿಣಾಮ ಬೇರೆ. ಎರಡನೆಯದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ. 52 ಮಂದಿಗೂ ಪಡೆಯದವರ ಪೈಕಿ ಶೇ. 51 ಮಂದಿಗೂ ತೊಡಕುಗಳು ಕಾಣಿಸಿಕೊಂಡವು. ಎಂದರೆ ವ್ಯತ್ಯಾಸವೇ ಇಲ್ಲ. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ತಿಳಿಸಿದ್ದ ಗುಂಪಿನಲ್ಲಿ ಅದು ಶೇ. 59ಕ್ಕೆ ಏರಿತ್ತು. ಪ್ರಾರ್ಥನೆ ಮಾಡಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ಆತಂಕ ಇದಕ್ಕೆ ಕಾರಣವಿರಬಹುದೆಂಬ ಊಹೆಯಿದೆ.

ಇದಕ್ಕೂ ಬಹಳ ಹಿಂದೆ, 1872ರಲ್ಲಿ, ಫ್ರಾನ್ಸಿಸ್ ಗಾಲ್ಟನ್ ಎಂಬಾತ ಇಡೀ ದೇಶದ ಚರ್ಚುಗಳಲ್ಲಿ ದೀರ್ಘಾಯುಷ್ಯಕ್ಕಾಗಿ ಪ್ರಾರ್ಥನೆ ಪಡೆಯುವ ರಾಜರು ಉಳಿದ ಸ್ಥಿತಿವಂತರಿಗಿಂತ ಹೆಚ್ಚು ಕಾಲವೇನೂ ಬದುಕಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದ್ದ. ಆದ್ದರಿಂದ ಮೇಡಂ, ತಮ್ಮ ಪಟ್ಟಿಯಿಂದ ಎದುರುಮನೆಯಾಕೆಯ ಮಂಡಿ ವಾಸಿಯಾಗುವುದಿಲ್ಲ. ಅದು ತಮಗೂ ಗೊತ್ತಿದೆ. ಗೊತ್ತಿದ್ದೂ ಹೇಳುತ್ತೀರಿ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಕೈವಾರದ ಭಜನೆಯವನು (ರಾತ್ರಿ 9.44)
ನಾನು ನಂಬುವವನು, ಆದ್ದರಿಂದ ಬೇರೆ ಕಡೆಯಿಂದ ಆಕ್ಷೇಪಿಸುತ್ತೇನೆ. ವಿಳಾಸವಿಲ್ಲದ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿದರೆ ಅದು ಯಾರಿಗೂ ತಲುಪುವುದಿಲ್ಲ. ಭಕ್ತಿಯಿಲ್ಲದೆ ಕೈಮುಗಿಯುವುದು ನಮ್ಮಂಥವರಿಗೆ ಅಭ್ಯಾಸಬಲದಂತೆ ಕಾಣುತ್ತದೆ. ಅದಕ್ಕೆ ಬೆಲೆಯಿಲ್ಲ ಎನ್ನಲಾರೆ, ಆದರೆ ದಯವಿಟ್ಟು ಅದನ್ನು ಪ್ರಾರ್ಥನೆ ಎನ್ನಬೇಡಿ.

ವಿಜ್ಞಾನದ ಮೇಷ್ಟ್ರು, ಗೌರಿಬಿದನೂರು (ರಾತ್ರಿ 9.47)
ಭಜನೆಯವರೂ ನಾನೂ ಒಂದೇ ಮಾತನ್ನು ಹೇಳುತ್ತಿದ್ದೇವೆ ಎಂಬುದನ್ನು ಎಲ್ಲರೂ ಗಮನಿಸಬೇಕು.

ಪಾವಗಡದ ಒಕ್ಕಲಿಗ (ರಾತ್ರಿ 10.02)
ನನ್ನದು ಮಳೆಯ ವಿಚಾರ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಮಕ್ಕಳು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಿದ್ದರು. ಪ್ರತಿ ಮನೆಯ ಹೆಂಗಸೂ ಒಂದು ಚೊಂಬು ನೀರನ್ನು ಮಳೆರಾಯನ ಮೇಲೆ ಸುರಿದು, ಮೊರದಲ್ಲಿ ರಾಗಿಯನ್ನೋ ಹಿಟ್ಟನ್ನೋ ತಂದು ಕೊಡುತ್ತಿದ್ದಳು. ಆ ತಲೆ ಒಂದು ವರ್ಷ ನನ್ನದಾಗಿತ್ತು. ಕರಗಿದ ಕೆಮ್ಮಣ್ಣು ಕಿವಿಯ ಹಿಂದಿನಿಂದ ಬೆನ್ನಿನವರೆಗೆ ಇಳಿಯುತ್ತಿದ್ದುದು ಈಗಲೂ ನೆನಪಿದೆ. ಕೊನೆಗೆ ಆ ಧಾನ್ಯವನ್ನೆಲ್ಲ ಊರ ಹೊರಗೆ ಬೇಯಿಸಿ ಎಲ್ಲರೂ ಕೂಡಿ ಉಣ್ಣುತ್ತಿದ್ದೆವು.

ಆ ವರ್ಷ ಮಳೆ ಬರಲಿಲ್ಲ. ಆದರೆ ಮನೆಮನೆಗೆ ಹೋದಾಗ ಯಾವ ಮನೆಯ ಮೊರದಲ್ಲಿ ರಾಗಿಯೇ ಇಲ್ಲ ಎಂಬುದನ್ನು ಊರು ಕಂಡಿತು. ಮೂರು ಮನೆಗಳವರು ಬರಿಯ ನೀರನ್ನು ಸುರಿದು ಒಳಗೆ ಹೋಗಿದ್ದರು. ಮರುದಿನ ಆ ಮೂರು ಮನೆಗಳಿಗೂ ಕಾಳು ಹೋಯಿತು. ಯಾರು ಕಳಿಸಿದರೆಂದು ಯಾರೂ ಹೇಳಲಿಲ್ಲ. ನನಗೆ ಇಂದು ದೇವರಲ್ಲಿ ನಂಬಿಕೆಯಿಲ್ಲ. ಆ ಪ್ರಾರ್ಥನೆಗೆ ಬೆಲೆಯಿರಲಿಲ್ಲ ಎಂದು ಮಾತ್ರ ಹೇಳಲು ನಾಲಿಗೆ ಬರುವುದಿಲ್ಲ.

ಮಾಲೂರಿನ ಎಂಜಿನಿಯರ್ (ರಾತ್ರಿ 10.15)
ಅಣ್ಣಾ, ಕಾಳು ಕಳಿಸಿದ್ದು ಊರಿನವರ ದೊಡ್ಡತನ; ಅದಕ್ಕೆ ಮಳೆರಾಯ ಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಮಳೆಗಾಗಿ ಪೂಜೆಗಳು ನಡೆದವು, ಕತ್ತೆಗಳಿಗೆ ಮದುವೆ ಮಾಡಿಸಿದರು. ಅಷ್ಟು ಹೊತ್ತಿಗೆ ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು. ಕೊನೆಗೆ 2018ರಿಂದ ಕೋಲಾರದ ಕೆರೆಗಳಿಗೆ ನೀರು ಬಂದದ್ದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯಿಂದ. ಪ್ರಾರ್ಥನೆಯ ದೊಡ್ಡ ತೊಂದರೆಯೆಂದರೆ, ಮಾಡಬೇಕಾದ ಕೆಲಸವನ್ನು ಮಾಡಿದೆವೆಂಬ ತೃಪ್ತಿಯನ್ನು ಅದು ಕೊಟ್ಟುಬಿಡುತ್ತದೆ.

ಬಂಗಾರಪೇಟೆ ಜಂಕ್ಷನ್ (ರಾತ್ರಿ 10.19)
ಆ ನೀರನ್ನು ಇನ್ನೊಂದು ಹಂತ ಶುದ್ಧಿ ಮಾಡದೆ ಬಿಡುತ್ತಿರುವುದರ ಬಗ್ಗೆ ಮೊದಲು ಮಾತನಾಡಿ ಸ್ವಾಮಿ.

ಪಾವಗಡದ ಒಕ್ಕಲಿಗ (ರಾತ್ರಿ 10.26)
ನೀರಿನ ಶುದ್ಧಿಯ ಚರ್ಚೆಯನ್ನು ಬೇರೆಯಾಗಿ ಇಟ್ಟುಕೊಳ್ಳೋಣ. ಎಂಜಿನಿಯರ್ ಸಾಹೇಬರ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನೆ. ಕೈಮುಗಿದು ಮನೆಗೆ ಹೋಗಿ ಮಲಗುವವರಿದ್ದಾರೆ. ಆದರೆ ಊರ ಕೆರೆಯ ಹೂಳೆತ್ತಲು ಕರೆದಾಗ ಮೊದಲು ಗುದ್ದಲಿ ಹಿಡಿದು ಬಂದವರು, ಮಳೆರಾಯನಿಗೆ ನೀರು ಸುರಿದ ಹೆಂಗಸರೇ.

ಗಣಿ ಕಾರ್ಮಿಕನ ಮಗಳು, ಕೆಜಿಎಫ್ (ರಾತ್ರಿ 10.50)
ನನ್ನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ ನೆಲದ ಕೆಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಒಳಗೆ ಬಂಡೆ ಸಿಡಿಯುವುದು ಅಲ್ಲಿನ ನಿತ್ಯದ ಭಯ. ಅಪ್ಪ ಕಾರ್ಮಿಕ ಸಂಘದಲ್ಲಿದ್ದವರು, ದೇವರಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಿದ್ದವರು. ಅಮ್ಮ ಪ್ರತಿ ಪಾಳಿಗೂ ಮೇಣದಬತ್ತಿ ಹಚ್ಚುತ್ತಿದ್ದಳು. ಅಪ್ಪ ಅದನ್ನು ಎಂದೂ ತಡೆಯಲಿಲ್ಲ, ಎಂದೂ ಜೊತೆಗೂಡಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರೊಂದು ಸಂಗತಿಯನ್ನು ಹೇಳಿದರು. ಕೆಳಗಿಳಿಯುವ ಕೇಜಿನ ಬಾಗಿಲು ಮುಚ್ಚಿದ ಕೂಡಲೇ, ಜೊತೆಗೆ ನಿಂತವರ ಮುಖಗಳನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡಿ, ಪ್ರತಿಯೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಮೇಲೆ ಬರುವಾಗ ಮತ್ತೆ ಅದೇ ಹೆಸರುಗಳು. ಒಂದೇ ಒಂದು ದಿನ ಮೇಲೆ ಬರುವಾಗ ಎರಡು ಹೆಸರು ಹೆಚ್ಚಾಗಿ ಉಳಿದವು ಎಂದರು. ಮುಂದೆ ಮಾತನಾಡಲಿಲ್ಲ. ಅದು ಪ್ರಾರ್ಥನೆಯೇ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಇಂದು ಮೇಡಂ ಅವರ ಪಟ್ಟಿಯನ್ನು ಓದಿದ ಮೇಲೆ ಹೌದೆನಿಸುತ್ತಿದೆ.

ಮಠದ ಹಳೆಯ ವಿದ್ಯಾರ್ಥಿ, ಗುಬ್ಬಿ (ರಾತ್ರಿ 11.08)
ನಾನು ಸಿದ್ಧಗಂಗೆಯಲ್ಲಿ ಆರು ವರ್ಷ ಓದಿದೆ. ಸಂಜೆ ಸಾವಿರಾರು ಮಕ್ಕಳು ಬಯಲಿನಲ್ಲಿ ಸಾಲಾಗಿ ಕುಳಿತು ಪ್ರಾರ್ಥನೆ ಮಾಡುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ, ನೋಡದವರಿಗೆ ವಿವರಿಸಲು ನನಗೆ ಬರುವುದಿಲ್ಲ. ನಾವು ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಧರ್ಮದವರು. ಎಷ್ಟು ಮಂದಿಗೆ ಎಷ್ಟು ನಂಬಿಕೆಯಿತ್ತೋ ತಿಳಿಯದು. ಮನೆಯಿಂದ ಬಂದ ಹೊಸತರಲ್ಲಿ ಅಳು ತಡೆಯಲಾಗದೆ ಇದ್ದವನಿಗೆ, ಅಷ್ಟು ದನಿಗಳ ನಡುವೆ ನನ್ನ ದನಿಯೂ ಸೇರುತ್ತಿದ್ದ ಆ ಹೊತ್ತಿನಲ್ಲಿ ಮಾತ್ರ ನಾನು ಒಂಟಿಯಲ್ಲ ಎನಿಸುತ್ತಿತ್ತು. ನಂತರ ನಂಬಿಕೆ ಹೋಯಿತು. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದಾಗ ಜನಜಂಗುಳಿಯಲ್ಲಿ ನಿಂತು, ಸುತ್ತಲಿನವರೊಂದಿಗೆ ನಾನೂ ದನಿಗೂಡಿಸಿದೆ. ಅದರಿಂದ ನನ್ನ ವಿಚಾರ ಬದಲಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಸೊಸೆ, ಚಿಕ್ಕಬಳ್ಳಾಪುರ (ರಾತ್ರಿ 11.20)
ಎಲ್ಲರೂ ಇಷ್ಟು ಮೃದುವಾಗಿ ಬರೆಯುತ್ತಿರುವಾಗ ನಾನೊಂದು ಕಹಿಯನ್ನು ಹೇಳಬೇಕಾಗಿದೆ. ನನಗೂ ನಂಬಿಕೆಯಿಲ್ಲ. ಮದುವೆಯಾದ ಮೊದಲ ವರ್ಷ ದೀಪ ಹಚ್ಚುವುದಿಲ್ಲ ಎಂದದ್ದಕ್ಕೆ ಮೂರು ತಿಂಗಳು ಮನೆಯಲ್ಲಿ ಯಾರೂ ನನ್ನೊಡನೆ ಊಟಕ್ಕೆ ಕೂರಲಿಲ್ಲ. ‘ಸುಮ್ಮನೆ ಕೈಮುಗಿ, ನಂಬಬೇಕಾಗಿಲ್ಲ, ಮನಸ್ಸಿಗೆ ಒಳ್ಳೆಯದು’ ಎಂದೇ ಅವರೂ ಹೇಳಿದ್ದು. ನಂಬದವರಿಗೂ ಪ್ರಾರ್ಥನೆ ಒಳ್ಳೆಯದು ಎಂಬ ಮಾತನ್ನು ಇಲ್ಲಿ ಒಪ್ಪಿಬಿಟ್ಟರೆ, ನನ್ನಂಥವರ ಮೇಲೆ ಅದನ್ನೇ ಕೋಲಿನಂತೆ ಬಳಸುತ್ತಾರೆ. ಮೇಡಂ ತಾವಾಗಿ ಹೇಳಿದರು. ಬೆಲೆ ಬಂದದ್ದು ಅದರಿಂದ. ಹೇಳಿಸಿದ್ದರೆ ಒಂದು ಕಾಸಿನ ಬೆಲೆಯೂ ಇರುತ್ತಿರಲಿಲ್ಲ.

ವಕೀಲ, ಚಿಕ್ಕಬಳ್ಳಾಪುರ (ರಾತ್ರಿ 11.37)
ತಂಗಿಯ ಮಾತಿಗೆ ಸಂವಿಧಾನದ ಬೆಂಬಲವಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಅನುದಾನಿತ ಶಾಲೆಯಲ್ಲಿಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಪ್ರಾರ್ಥನೆಗೆ ನಿಲ್ಲಿಸಕೂಡದು ಎಂದು 28ನೇ ವಿಧಿ ಹೇಳುತ್ತದೆ. ಮನೆಗೆ ಆ ವಿಧಿ ಅನ್ವಯಿಸುವುದಿಲ್ಲವಾದರೂ ಅದರ ಹಿಂದಿನ ನ್ಯಾಯ ಅನ್ವಯಿಸಬೇಕು.

ಮೂರನೆಯ ಅನುಸೂಚಿಯಲ್ಲಿ ಶಾಸಕರೂ ಮಂತ್ರಿಗಳೂ ಸ್ವೀಕರಿಸುವ ಪ್ರಮಾಣವಚನಕ್ಕೆ ಎರಡು ರೂಪಗಳಿವೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ತೂಕ ಒಂದೇ. ದೇವರಿಲ್ಲದವನ ಮಾತು ಗಾಳಿಯಲ್ಲಿ ಹೋಗುವುದಿಲ್ಲ, ಅದು ಅವನನ್ನೇ ಕಟ್ಟಿಹಾಕುತ್ತದೆ ಎಂದು ಕಾನೂನು ಒಪ್ಪಿದೆ. ಭಜನೆಯವರ ವಿಳಾಸವಿಲ್ಲದ ಕಾಗದಕ್ಕೆ ಇದು ನನ್ನ ಉತ್ತರ.

ಪಕ್ಕದ ನಂದಿಬೆಟ್ಟದಲ್ಲಿ 1927ರಲ್ಲಿಯೂ 1936ರಲ್ಲಿಯೂ ವಿಶ್ರಾಂತಿಗೆ ಬಂದು ತಂಗಿದ್ದ ಗಾಂಧೀಜಿಯವರು ಪ್ರಾರ್ಥನೆಯನ್ನು ಬಿಡದವರು. ಆದರೂ ಆಂಧ್ರದ ನಾಸ್ತಿಕ ಗೋರಾ ಅವರ ಮಗಳ ಮದುವೆಯ ವಿಧಿಯಲ್ಲಿ ದೇವರು ಎಂಬ ಮಾತಿನ ಜಾಗದಲ್ಲಿ ಸತ್ಯ ಎಂದು ಇಟ್ಟುಕೊಳ್ಳಲು ಅವರು ಒಪ್ಪಿದ್ದರು. ಆ ಮದುವೆ ಗಾಂಧೀಜಿಯವರು ತೀರಿಕೊಂಡ ಮೇಲೆ, 1948ರಲ್ಲಿ, ಸೇವಾಗ್ರಾಮದಲ್ಲಿ ನಡೆಯಿತು.

ಮಂದರಗಿರಿಯ ತಪ್ಪಲು, ತುಮಕೂರು (ಬೆಳಿಗ್ಗೆ 6.15)
ನಾವು ಜೈನರು. ಜಗತ್ತನ್ನು ಸೃಷ್ಟಿಸಿ ವರ ಕೊಡುವ ದೇವರನ್ನು ನಮ್ಮ ಧರ್ಮ ಒಪ್ಪುವುದಿಲ್ಲ, ಆದರೂ ದಿನವೂ ಣಮೋಕಾರ ಮಂತ್ರ ಹೇಳುತ್ತೇವೆ. ಅರಿಹಂತರು, ಸಿದ್ಧರು, ಆಚಾರ್ಯರು, ಉಪಾಧ್ಯಾಯರು, ಸಾಧುಗಳು, ಈ ಐವರಿಗೆ ನಮಸ್ಕಾರ ಎನ್ನುತ್ತದೆಯೇ ಹೊರತು ಏನನ್ನೂ ಬೇಡುವುದಿಲ್ಲ. ಬೇಡದೆ ಇರುವುದು ಪ್ರಾರ್ಥನೆಯಲ್ಲ ಎಂದು ಮೇಷ್ಟ್ರು ಹೇಳುವುದಾದರೆ, ಬೆಟ್ಟದ ಮೇಲಿನ ನಮ್ಮ ಬಸದಿಗಳಲ್ಲಿ ಶತಮಾನಗಳಿಂದ ನಡೆದುಬಂದಿರುವುದಕ್ಕೆ ಅವರೇ ಒಂದು ಹೆಸರು ಕೊಡಬೇಕು.

ನಿವೃತ್ತ ಕನ್ನಡ ಪಂಡಿತ, ಮುಳಬಾಗಿಲು (ಬೆಳಿಗ್ಗೆ 7.30)
ಹೆಸರು ಈಗಾಗಲೇ ಕನ್ನಡದಲ್ಲಿದೆ. ರಾತ್ರಿಯಿಂದ ಎಲ್ಲರೂ ಪ್ರಾರ್ಥನೆ ಎಂಬ ಸಂಸ್ಕೃತ ಪದವನ್ನು ಹಿಡಿದು ಜಗ್ಗಾಡುತ್ತಿದ್ದೀರಿ. ಆ ತಾಯಿ ಆಡಿದ ಮಾತಿನ ವ್ಯಾಕರಣವನ್ನು ಯಾರೂ ನೋಡಲಿಲ್ಲ. ಕಾಪಾಡು, ಕೊಡು, ಕರುಣಿಸು ಎಂಬವು ಮಧ್ಯಮ ಪುರುಷದ ಕ್ರಿಯಾಪದಗಳು. ಅವುಗಳಿಗೆ ಎದುರಿಗೊಬ್ಬ ‘ನೀನು’ ಬೇಕೇ ಬೇಕು. ಆ ತಾಯಿಯ ಪಟ್ಟಿಯಲ್ಲಿ ಅಂಥ ಪದ ಒಂದೂ ಇಲ್ಲ. ಸಿಗಲಿ, ಈಯಲಿ, ಕಡಿಮೆಯಾಗಲಿ, ತುಂಬಲಿ: ಇವೆಲ್ಲವೂ ಪ್ರಥಮ ಪುರುಷದ ವಿಧ್ಯರ್ಥಗಳು. ವಿಧ್ಯರ್ಥದಲ್ಲಿ ಆಜ್ಞೆ, ಆಶೀರ್ವಾದ, ಹಾರೈಕೆ ಎಲ್ಲವೂ ಸೇರುತ್ತವೆ ಎಂದು ನಾನು ಮೂವತ್ತನಾಲ್ಕು ವರ್ಷ ಎಂಟನೆಯ ತರಗತಿಗೆ ಪಾಠ ಮಾಡಿದ್ದೇನೆ. ‘ಎಮ್ಮೆ ಈಯಲಿ’ ಎಂಬ ವಾಕ್ಯದಲ್ಲಿ ಇರುವುದು ಎಮ್ಮೆ ಮಾತ್ರ, ಜೊತೆಗೆ ಅದಕ್ಕೆ ಒಳ್ಳೆಯದಾಗಲೆಂದು ಬಯಸುವ ಒಬ್ಬರು. ಕೊಡುವವನಿಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ತಾಯಿಯವರು ನಂಬಿಕೆಯಿಂದ ಹೇಳಿದರು, ಮಗಳು ನಂಬಿಕೆಯಿಲ್ಲದೆ ಹೇಳುತ್ತಿದ್ದಾರೆ. ಇಬ್ಬರೂ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ. ಇದನ್ನು ಹಾರೈಕೆ ಎನ್ನಿ.

ಕೈವಾರದ ಭಜನೆಯವನು (ಬೆಳಿಗ್ಗೆ 7.52)
ಪಂಡಿತರಿಗೆ ನಮಸ್ಕಾರ. ಹಾರೈಕೆ ಎಂದರೆ ನನ್ನ ತಕರಾರಿಲ್ಲ. ಆದರೆ ದೀಪದ ಮುಂದೆ ಕುಳಿತು ಹೇಳಿದ್ದು ಕೇಳಿಸಿತೆಂದು ನಾನು ನಂಬುತ್ತೇನೆ. ಅದನ್ನು ನನ್ನಿಂದ ಕಸಿದುಕೊಳ್ಳಬೇಡಿ.

ವಿಜ್ಞಾನದ ಮೇಷ್ಟ್ರು, ಗೌರಿಬಿದನೂರು (ಬೆಳಿಗ್ಗೆ 8.20)
ರಾತ್ರಿ ನಾನು ಬರೆದದ್ದರಲ್ಲಿ ದಾರದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಶುಶ್ರೂಷಕಿ ಅಮ್ಮನವರು ಹೇಳಿದ್ದು ಸರಿ, ನಾನು ಆ ಬೆಂಚಿನ ಮೇಲೆ ಕುಳಿತಿಲ್ಲ. ಉಳಿದ ಮಾತಿಗೆ ಬದ್ಧನಾಗಿದ್ದೇನೆ: ಹಾರೈಕೆಯಿಂದ ಎಮ್ಮೆ ಈಯುತ್ತದೆ ಎಂದು ಒಬ್ಬರು ನಂಬತೊಡಗಿದ ಕ್ಷಣದಲ್ಲಿ ಪಶುವೈದ್ಯರನ್ನು ಕರೆಯುವುದು ತಡವಾಗುತ್ತದೆ. ಆ ಎಚ್ಚರ ಇರುವವರು ಪಟ್ಟಿಯನ್ನು ಹೇಳಿಕೊಳ್ಳುವುದರಲ್ಲಿ ನನಗೆ ಅಪ್ರಾಮಾಣಿಕತೆ ಕಾಣುತ್ತಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು.

ಸೊಸೆ, ಚಿಕ್ಕಬಳ್ಳಾಪುರ (ಬೆಳಿಗ್ಗೆ 8.31)
ಮೇಷ್ಟ್ರೇ, ಯಾರನ್ನೂ ಬಲವಂತಪಡಿಸಬಾರದು ಎಂಬುದನ್ನೂ ಸೇರಿಸಿ.

ವಿಜ್ಞಾನದ ಮೇಷ್ಟ್ರು, ಗೌರಿಬಿದನೂರು (ಬೆಳಿಗ್ಗೆ 8.33)
ಸೇರಿಸಿದೆ ತಾಯಿ. ಅದೇ ಮೊದಲನೆಯದಾಗಬೇಕಿತ್ತು.

ಎಸ್.ಎಸ್. ಪುರಂ ವಾಸಿ, ತುಮಕೂರು (ರಾತ್ರಿ 7.25)
ಎಲ್ಲವನ್ನೂ ಎರಡೆರಡು ಸಲ ಓದಿದೆ. ಹೇಳುವ ದಿನಗಳಲ್ಲಿ ನಾನು ಮೂಲೆಮನೆಯ ಹುಡುಗನನ್ನು ಕಂಡರೆ ನಿಂತು ಮಾತನಾಡಿಸುತ್ತೇನೆ. ಎದುರುಮನೆಯಾಕೆಯನ್ನು ಮೂಳೆ ವೈದ್ಯರ ಬಳಿಗೆ ಕರೆದುಕೊಂಡು ಹೋದದ್ದೂ ಈ ಪಟ್ಟಿಯನ್ನು ಹೇಳತೊಡಗಿದ ಮೇಲೆಯೇ. ಅದಕ್ಕೂ ಮುಂಚೆ ಆಕೆ ಕುಂಟುವುದನ್ನು ಎಷ್ಟು ವರ್ಷ ನೋಡಿದ್ದೆನೋ ಲೆಕ್ಕವಿಲ್ಲ. ಪಂಡಿತರ ‘ಲಿ’ಯನ್ನು ಇಡೀ ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆ.

ಇಂದು ಸಂಜೆ ದೀಪ ಹಚ್ಚಿ ಬೇಕೆಂದೇ ನಿಧಾನವಾಗಿ ಹೇಳಿದೆ. ‘ಹಾಲಿನವನ ಎಮ್ಮೆ ಸಲೀಸಾಗಿ’ ಎಂದು ಹೇಳಿ ಉಸಿರೆಳೆದುಕೊಳ್ಳಲು ನಿಂತಾಗ ಅಮ್ಮ, ದೀಪವನ್ನೇ ನೋಡುತ್ತಾ, ‘ಈಯಲಿ’ ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ಮಾತು ಅದು. ಹಾಲಿನವನು ಆ ಎಮ್ಮೆಯನ್ನು ಮಾರಿ ಮೂರು ವರ್ಷವಾಯಿತು. ಅದನ್ನು ಪಟ್ಟಿಯಿಂದ ತೆಗೆಯುವುದಿಲ್ಲ.

ಪಾವಗಡದ ಒಕ್ಕಲಿಗ (ರಾತ್ರಿ 7.40)
ಅಕ್ಕಾ, ನಾವು ನಿನ್ನೆ ಶೇಂಗಾ ಬಿತ್ತಿದ್ದೇವೆ. ನಾಳೆಯ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ.

ಎಸ್.ಎಸ್. ಪುರಂ ವಾಸಿ, ತುಮಕೂರು (ರಾತ್ರಿ 7.42)
ಕೆರೆಯ ನಂತರ ಸೇರಿಸಿದ್ದೇನೆ. ಎಷ್ಟು ಎಕರೆ ಎಂದು ತಿಳಿಸಿ.